ಗ್ರೋನಿಂಗನ್‌ಗೆ ಹೋದ ನುಣುಪು ಪ್ರೋಟೀನು

ಚನ್ನಪಟ್ಟಣದಿಂದ ಗೊಂಬೆಗಳು ಎಲ್ಲೆಲ್ಲಿಗೋ ಹೋಗುತ್ತವೆ, ಮಾಡಿದವರು ಹೋಗುವ ಪದ್ಧತಿಯಿಲ್ಲ. ಪೆಟ್ಟಿಗೆಗೆ ರದ್ದಿ ಕಾಗದ ತುರುಕಿ, ಮೇಲೆ ಟೇಪು ಸುತ್ತಿ ಲಾರಿಗೆ ಹತ್ತಿಸಿದರೆ ನಮಗೂ ಅವಕ್ಕೂ ಸಂಬಂಧ ಮುಗಿಯಿತು. ನನಗೆ ಐವತ್ತೆರಡು ತುಂಬಿದ ಮೇಲೆ ನನ್ನ ಮಟ್ಟಿಗೆ ಈ ಪದ್ಧತಿ ಮುರಿಯಿತು. ನಾನು ಮಾಡಿದ ಒಂದು ಸಾಮಾನನ್ನು ಮಡಿಲಲ್ಲಿಟ್ಟುಕೊಂಡು ವಿಮಾನ ಹತ್ತಿ, ನೆದರ್‌ಲ್ಯಾಂಡ್ಸ್ ದೇಶದ ಗ್ರೋನಿಂಗನ್ ಎಂಬ ಊರಲ್ಲಿ ಒಂದು ವಾರ ಇದ್ದು ಬಂದೆ. ಆ ಸಾಮಾನು ಆನೆಯಲ್ಲ, ಕುದುರೆಯಲ್ಲ, ಬುಗುರಿಯೂ ಅಲ್ಲ. ಮನುಷ್ಯರ ಮೈಯೊಳಗಿನ ಒಂದು ಪ್ರೋಟೀನು.

ಇದಕ್ಕೆಲ್ಲ ಕಾರಣ ಪವಿತ್ರ. ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿಯವಳು. ಗ್ರೋನಿಂಗನ್‌ನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಹೋದ ವರ್ಷ ರಜೆಗೆ ಬಂದಾಗ ನನ್ನ ಕಾರ್ಖಾನೆಗೆ ಬಂದು, ಗಂಟುಗಂಟಾದ ಒಂದು ಪ್ಲಾಸ್ಟಿಕ್ ಮುದ್ದೆಯನ್ನು ಲೇತ್ ಪಕ್ಕದಲ್ಲಿಟ್ಟಳು.

"ಮುಬೀನಕ್ಕ, ಇದ್ನ ಮರದಲ್ಲಿ ಮಾಡ್ಕೊಡ್ತೀರಾ?"

"ಏನವ್ವ ಇದು, ಶುಂಠಿನಾ?"

"ಪ್ರೋಟೀನು ಕಣಕ್ಕ. ಮೈಯಾಗೆ ಗಡ್ಡೆ ಬೆಳೀದಂಗೆ ತಡೆಯೋದು. ತಡೀತದೆ ಅಂತ ಕಾಣ್ತದೆ. ಇರಬೌದು."

ಈ 'ಇರಬೌದು' ಪವಿತ್ರಳ ಬಾಯಿಂದ ಗಳಿಗೆಗೊಮ್ಮೆ ಬರುವ ಮಾತು. ನನಗೋ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಗಿರಾಕಿ ಬಂದು ಬಣ್ಣ ಹೋಗುತ್ತಾ ಅಂದರೆ, ಹೋಗದೆ ಇರಬಹುದು ಅಂತ ಹೇಳಿ ಯಾರಾದರೂ ಅಂಗಡಿ ನಡೆಸಿದ್ದಾರೆಯೆ? ಆದರೆ ಅವಳು ನನ್ನ ಲೇತನ್ನೇ ತೋರಿಸಿ ವಿಷಯ ಬಿಡಿಸಿ ಹೇಳಿದಾಗ ಸುಮ್ಮನೆ ಕೇಳಿದೆ. ಪ್ರತಿ ಜೀವಕೋಶದಲ್ಲೂ ಜೀನ್ ಎಂಬ ಬರಹಗಳಿರುತ್ತವೆ. ಆ ಬರಹ ನೋಡಿಕೊಂಡು ಕೋಶ ತನಗೆ ಬೇಕಾದ ಪ್ರೋಟೀನು ಮಾಡಿಕೊಳ್ಳುತ್ತದೆ. ನಮ್ಮ ಈ ಪ್ರೋಟೀನು ಲೇತಿಗೆ ಬ್ರೇಕ್ ಇದ್ದ ಹಾಗೆ. ಎರಡಾಗು, ನಾಲ್ಕಾಗು ಎಂದು ಕೋಶಕ್ಕೆ ಅಪ್ಪಣೆ ತರುವ ಒಂದು ಚೂರು ಇರುತ್ತದೆ. ಇದರ ಮೈಮೇಲಿನ ತೋಡು ಆ ಚೂರನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಹಿಡಿತ ತಪ್ಪಿದರೆ ಕೋಶ ನಿಲ್ಲದೆ ಬೆಳೆದು ಗಡ್ಡೆಯಾಗುತ್ತದೆ. ಗಾಜಿನ ತಟ್ಟೆಯಲ್ಲಿ ಸಾಕಿದ ಕೋಶಗಳಲ್ಲಿ ಹೀಗಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಮನುಷ್ಯರಲ್ಲೂ ಹೀಗೇ ಎನ್ನಲು ಇನ್ನೂ ಸಾಕ್ಷಿ ಬೇಕು.

"ಅದಕ್ಕೆ ಮರ ಯಾಕವ್ವ? ಪ್ಲಾಸ್ಟಿಕ್ಕು ಐತಲ್ಲ."

ಆಗ ಅವಳು ಮಾರ್ತಾಳ ವಿಷಯ ಹೇಳಿದಳು. ಮಾರ್ತಾ ಅವಳ ಸಂಶೋಧನೆಗೆ ರಕ್ತ ಕೊಟ್ಟಿರುವ ನಲವತ್ತರ ಹೆಂಗಸು, ನನ್ನ ಕತೆಯನ್ನು ಯಾರಿಗೆ ಬೇಕಾದರೂ ಹೇಳು ಎಂದಿದ್ದಾಳೆ. ಹಾಲುಗೂಸಾಗಿದ್ದಾಗ ಎರಡೂ ಕಣ್ಣಿಗೆ ಗಡ್ಡೆ ಬಂದು, ಜೀವ ಉಳಿಸಲು ಕಣ್ಣು ತೆಗೆದಿದ್ದರು. ಇಂಥ ಗಡ್ಡೆಗೆ ಕಾರಣವೆಂದು ಮೊದಲೇ ಗೊತ್ತಿದ್ದ ಜೀನ್ ಅವಳಲ್ಲಿ ಸರಿಯಾಗಿಯೇ ಇತ್ತು. ಹುಡುಕುತ್ತ ಹೋದಾಗ ಈ ಪ್ರೋಟೀನಿನ ಬರಹವಿರುವ ಇನ್ನೊಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದು ಸಿಕ್ಕಿತು. ಅದರಿಂದಲೇ ತೋಡು ಕೆಟ್ಟು ಹಿಡಿತ ತಪ್ಪಿರಬಹುದು ಎಂಬುದು ಪವಿತ್ರಳ ಊಹೆ.

"ಕಷ್ಟ ಮಾರ್ತಾದಲ್ಲ ಅಕ್ಕ, ಅವ್ರ ತಾಯಿದು. ಬಸ್ರಿಯಾಗಿದ್ದಾಗ ರಟ್ಟಿನ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ತಿದ್ರಂತೆ. ಆ ವಾಸ್ನೆ ಕುಡ್ದು ನಾನೇ ಮಗಳ ಕಣ್ಣು ಕಳುದ್ಬುಟ್ಟೆ ಅಂತ ನಲವತ್ ವರ್ಷದಿಂದ ಕೊರಗ್ತಾವ್ರೆ. ಅಂಗಲ್ಲ ಅಂತ ಕೈಗೆ ಕೊಟ್ಟು ತೋರ್ಸಬೇಕು ಅನ್ನೋದು ಮಾರ್ತಾ ಆಸೆ. ಈ ಪ್ಲಾಸ್ಟಿಕ್ ಕೊಟ್ರೆ, ಆಸ್ಪತ್ರೆ ಸಾಮಾನು ಅಂತ ಮುಟ್ಟಿ ಮಡುಗ್ಬುಟ್ರು."

ನಾನು ಒಪ್ಪಿದೆ. ನಮ್ಮ ಗೊಂಬೆಗಳಿಗೆ ಬಳಸುವ ಮೆದು ಆಲೆ ಮರದಲ್ಲಿ ದೊಡ್ಡ ಸಣ್ಣ ಗುಂಡುಗಳನ್ನು ಕಡೆದು ಗೂಟಗಳಿಂದ ಜೋಡಿಸಿದೆ. ತೋಡು ಇರುವ ಭಾಗ ಮುಷ್ಟಿ ಗಾತ್ರದ್ದು. ಅದನ್ನು ಬೇಕೆಂದಾಗ ಬಿಚ್ಚಿ ಹಾಕುವಂತೆ ಮಾಡಿದೆ. ಅಪ್ಪಣೆ ತರುವ ಚೂರನ್ನು ಬೋರೆಹಣ್ಣಿನಷ್ಟು ಮಾಡಿ ಕೆಂಪು ಅರಗು ಹಚ್ಚಿದೆ. ಕಣ್ಣಿಲ್ಲದವರಿಗೆ ಬಣ್ಣ ಯಾಕೆ ಅಂತ ಪವಿತ್ರ ಕೇಳಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು. ಕೊನೆಗೆ ನಮ್ಮ ಅಬ್ಬಾ ಕಲಿಸಿದಂತೆ ಪ್ರತಿ ತುಂಡನ್ನೂ ಕೆನ್ನೆಗೆ ಸವರಿ ನೋಡಿದೆ. ಮಗುವಿನ ಕೈಗೆ ಹೋಗುವ ಸಾಮಾನು ಮೊದಲು ನಮ್ಮ ಕೆನ್ನೆ ದಾಟಬೇಕು ಎನ್ನುವುದು ಅಬ್ಬಾನ ಕಟ್ಟಳೆ. ಕೆನ್ನೆಗೆ ಚುಚ್ಚಿದರೆ ತಿದ್ದಬೇಕು, ತಿದ್ದಲಾಗದಿದ್ದರೆ ಒಲೆಗೆ ಹಾಕಬೇಕು. ಕೆಟ್ಟ ತುಂಡು ನಮ್ಮ ಹೊಸಿಲು ದಾಟಬಾರದು.

ದೇವನಹಳ್ಳಿ

ಶನಿವಾರ ಪ್ರಯೋಗಾಲಯದಲ್ಲಿ ಒಂದು ಸಭೆಯಿದೆ, ಮಾರ್ತಾಳ ತಾಯಿಯೂ ಬರುತ್ತಾರೆ, ಮಾಡಿದವರೇ ತಂದುಕೊಡಿ ಎಂದು ಪವಿತ್ರ ಟಿಕೆಟ್ ಕಳಿಸಿದ್ದಳು. ಬಿಡದಿಯಲ್ಲಿ ಕಾರು ನಿಲ್ಲಿಸಿ ತಟ್ಟೆ ಇಡ್ಲಿ ತಿಂದು ಹೊರಟವಳಿಗೆ ವಿಮಾನ ನಿಲ್ದಾಣದಲ್ಲಿ ಎರಡು ಅಡ್ಡಿ ಎದುರಾದವು. ಅಬ್ಬಾ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದಾಗಲೂ ಉಳಿ ಬಿಟ್ಟು ಹೋದವರಲ್ಲ. ನಾನೂ ಅದೇ ಠೀವಿಯಲ್ಲಿ ಎರಡು ಉಳಿಗಳನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆ. ತಪಾಸಣೆಯವರು ಅವನ್ನು ಎತ್ತಿ ನೋಡಿದ ರೀತಿಗೆ ನಾನೇ ಬೆಚ್ಚಿದೆ. ಗೊಂಬೆ ಮಾಡುವುದಕ್ಕೆ ಸಾರ್ ಅಂದೆ. ವಿಮಾನದಲ್ಲಿ ಗೊಂಬೆ ಮಾಡೋ ಹಾಗಿಲ್ಲಮ್ಮ ಅಂದರು. ಅಬ್ಬಾನ ಉಳಿಯನ್ನು ಮನೆಯ ಮೊಳೆಗೆ ನೇತುಹಾಕಿ ಬಂದಿದ್ದು ಪುಣ್ಯ. ಉಳಿ ಎರಡೂ ಅಲ್ಲೇ ಉಳಿದವು.

ಆಮೇಲೆ ಅವರು ನನ್ನ ಹಳೆಯ ದುಪಟ್ಟಾದಲ್ಲಿ ಸುತ್ತಿದ್ದ ಗಂಟು ಬಿಚ್ಚಿಸಿದರು.

"ಏನಮ್ಮ ಇದು?"

"ಪ್ರೋಟೀನು ಸಾರ್."

"ಪೌಡರ್ರಾ?"

ಜೀನು, ಕೋಶ, ಬ್ರೇಕು ಎಂದು ನಾನು ಶುರುಮಾಡಿದೆ. ಹಿಂದಿನ ಸಾಲಿನವರು ಗೊಣಗತೊಡಗಿದರು. ಕೊನೆಗೆ ಚನ್ನಪಟ್ಟಣದ ಆಟದ ಸಾಮಾನು ಎಂದೆ. ಹಾಗಂತ ಮೊದಲೇ ಹೇಳೋದಲ್ವಾ ಎಂದು ನಕ್ಕು, ತಾವೇ ಗಂಟು ಕಟ್ಟಿಕೊಟ್ಟರು.

ಗ್ರೋನಿಂಗನ್, ಸೋಮವಾರ

ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಎರಡು ಗಂಟೆಗೂ ಮೇಲೆ ಪ್ರಯಾಣ. ಅಷ್ಟು ದೂರದಲ್ಲಿ ಒಂದೇ ಒಂದು ಬಂಡೆ ಕಾಣಲಿಲ್ಲ. ರಾಮನಗರದ ಬೆಟ್ಟಗಳ ಕಡೆ ಮುಖಮಾಡಿ ಬೆಳೆದವಳಿಗೆ, ಕಣ್ಣನ್ನು ಎಲ್ಲಿ ಆನಿಸಬೇಕೋ ತಿಳಿಯಲಿಲ್ಲ. ನೆಲವೆಲ್ಲ ಲಟ್ಟಿಸಿಟ್ಟ ಹಾಗೆ ಚಪ್ಪಟೆ. ಹಸುಗಳು ಮಾತ್ರ ನಮ್ಮ ಕೈಲಾಂಚದ ಕಡೆಯವಕ್ಕಿಂತ ಎರಡು ಪಟ್ಟು. ಒಂದೂ ನಮ್ಮ ಹಸುವಿನ ಹಾಗೆ ತಲೆ ಎತ್ತಿ ಬಂದವರನ್ನು ವಿಚಾರಿಸಲಿಲ್ಲ.

ಪವಿತ್ರ ಬಾಡಿಗೆಗಿದ್ದ ಮನೆಯ ಮೆಟ್ಟಿಲುಗಳು ಅಟ್ಟದ ಏಣಿಯಷ್ಟು ಕಡಿದು. ಹತ್ತುವಾಗ ಬಗ್ಗಿ, ಇಳಿಯುವಾಗ ಹಿಮ್ಮುಖವಾಗಿ ಹೋಗಬೇಕು. ಬೀದಿಯಲ್ಲಿ ಯಾರ ಮನೆ ಕಿಟಕಿಗೂ ಪರದೆ ಇಲ್ಲ. ಜನ ಊಟ ಮಾಡುವುದು, ಪೇಪರ್ ಓದುವುದು, ಕಾಲು ಚಾಚಿ ಕೂತಿರುವುದು ಎಲ್ಲ ಸಿನಿಮಾದ ಹಾಗೆ ಕಾಣುತ್ತದೆ. ನಾನು ಒಂದು ಮನೆ ಮುಂದೆ ನಿಂತು ಅವರ ಸಾರಿನ ಬಣ್ಣ ಪರೀಕ್ಷಿಸುತ್ತಿದ್ದಾಗ ಪವಿತ್ರ ತೋಳು ಹಿಡಿದೆಳೆದಳು.

"ನಿಂತು ನೋಡ್ಬಾರ್ದಕ್ಕ. ಪರದೆ ಇಲ್ಲ ಅಂದ್ರೆ ನೋಡಿ ಅಂತಲ್ಲ."

"ಮತ್ಯಾಕವ್ವ ತಗುದ್ ಬುಟ್ಟವ್ರೆ?"

ಅವಳು ಹೆಜ್ಜೆ ಬಿರುಸು ಮಾಡಿದಳು.

ಇನ್ನೊಂದು ಸೋಜಿಗವನ್ನು ಅವಳ ಕಕ್ಕಸು ಮನೆಯಲ್ಲಿ ಕಂಡೆ. ಗೋಡೆಯ ಮೇಲೆ ಕ್ಯಾಲೆಂಡರು, ಅದರ ತುಂಬ ಹೆಸರುಗಳು. ಬಂಧುಬಳಗದ, ಸ್ನೇಹಿತರ ಹುಟ್ಟುಹಬ್ಬ ಮರೆಯದಿರಲೆಂದು ಇಲ್ಲಿಯವರು ದಿನಾ ತಪ್ಪದೆ ಕೂರುವ ಜಾಗದಲ್ಲೇ ಬರೆದಿಡುತ್ತಾರಂತೆ. ಬರುವ ಶನಿವಾರದ ತಾರೀಕಿನ ಮುಂದೆ 'ಮಾರ್ತಾ' ಎಂದಿತ್ತು.

"ನಾವು ಸೇರೋ ದಿನಾನೇ ಅವ್ರ ಹುಟ್ಟುಹಬ್ಬ. ಕೇಕು ಅವ್ರೇ ತತ್ತಾರೆ. ಇಲ್ಲಿ ಹುಟ್ಟಿದೋರ್ಗೆ ಮಾತ್ರ ಅಲ್ಲಕ್ಕ, ಅವ್ರ ಅಪ್ಪ ಅಮ್ಮ, ಅಣ್ಣ ತಮ್ಮ ಎಲ್ರಿಗೂ ಕೈ ಕುಲುಕಿ ಅಭಿನಂದನೆ ಅನ್ನಬೇಕು."

ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಹೆತ್ತವಳು ಅವತ್ತು ಬೆಳಗಿಂದ ಒಲೆ ಮುಂದೆ ಬೇಯುತ್ತಾಳೆಯೇ ಹೊರತು ಅವಳಿಗೆ ಯಾರೂ ಕೈ ಕೊಡುವುದಿಲ್ಲ. ಅವತ್ತು ನಾನು ತಂದಿದ್ದ ರಾಗಿ ಹಿಟ್ಟಲ್ಲಿ ಪವಿತ್ರ ಮುದ್ದೆ ಮಾಡಿದಳು. ಗಂಟು ಕಟ್ಟಿತ್ತು. ಪ್ರೋಟೀನಿನ ತರಾನೇ ಆಗೈತೆ ಅಂತ ಅವಳೇ ನಕ್ಕಳು.

ಗುರುವಾರ

ಶನಿವಾರದ ಭೇಟಿಗೆ ಮುಂಚೆ ಮಾರ್ತಾ ಒಮ್ಮೆ ಮುಟ್ಟಿ ನೋಡಲು ಪ್ರಯೋಗಾಲಯಕ್ಕೆ ಬಂದಳು. ಬಿಳಿ ಕೋಲು, ಎತ್ತರದ ಆಳು, ದೊಡ್ಡ ನಗು. ನನ್ನ ಕೈ ಸಿಕ್ಕಿದ್ದೇ ಅಂಗೈಯ ದಡ್ಡುಗಟ್ಟಿದ ಜಾಗಗಳನ್ನೆಲ್ಲ ಬೆರಳಲ್ಲಿ ಓದಿ, ಏನೋ ಅಂದಳು. ಪವಿತ್ರ ಅದನ್ನು ನನಗೆ ದಾಟಿಸಿದಳು: "ಗೇಯ್ದ ಕೈ ಕಣಕ್ಕ ಇದು ಅಂತಾವ್ರೆ." ಪವಿತ್ರಳ ಬಾಯಲ್ಲಿ ಬರುವಾಗ ಡಚ್ ಜನರೆಲ್ಲ ಮಾಗಡಿ ತಾಲ್ಲೂಕಿನವರಾಗಿಬಿಡುತ್ತಿದ್ದರು.

ಮಾರ್ತಾ ಮರದ ಪ್ರೋಟೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸವರಿದಳು, ಮೂಸಿದಳು, ಅರಗಿನ ವಾಸನೆಗೆ ತಲೆದೂಗಿದಳು. ನಾನು ಮದುವೆಮನೆಯಲ್ಲಿ ಹೆಣ್ಣಿನ ತಾಯಿಯಂತೆ ಬೀಗುತ್ತ ನಿಂತಿದ್ದೆ. ಆಮೇಲೆ ಅವಳು ಕೆಂಪು ಚೂರನ್ನು ತೋಡಿಗೆ ಒತ್ತಿ, ಪ್ರೋಟೀನನ್ನು ಕೈಯಲ್ಲೇ ತಿರುಗಿಸಿದಳು. ಚೂರು ಜಾರಿ ಮೇಜಿನ ಮೇಲೆ ಬಿದ್ದು ಉರುಳಿತು. ಮತ್ತೆ ಒತ್ತಿದಳು. ಮತ್ತೆ ಬಿತ್ತು.

"ಕೂರ್ತಾ ಇಲ್ವಲ್ಲ ಅಂತಾವ್ರೆ," ಎಂದಳು ಪವಿತ್ರ ಸಣ್ಣ ದನಿಯಲ್ಲಿ. ಅವಳು ಪ್ಲಾಸ್ಟಿಕ್ ಮಾದರಿಯನ್ನು ತಂದು ಅದರ ಚೂರನ್ನು ಒತ್ತಿದಳು. ಟಕ್ ಎಂದು ಕೂತಿತು. ತಲೆಕೆಳಗು ಮಾಡಿದರೂ ಬೀಳಲಿಲ್ಲ.

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಮಾದರಿಯ ತೋಡಿನ ಅಂಚು ಚೂಪಾಗಿ, ತುಟಿಯ ಹಾಗೆ ಒಳಕ್ಕೆ ಬಾಗಿತ್ತು. ಕೆಟ್ಟ ಪ್ಲಾಸ್ಟಿಕ್ ಕೆಲಸ, ಮುಟ್ಟಿದವರಿಗೆ ಚುಚ್ಚುತ್ತದೆ ಎಂದುಕೊಂಡು ನಾನು ಆ ಅಂಚನ್ನು ಸೊಗಸಾಗಿ ಉರುಟು ಮಾಡಿ ಕೆನ್ನೆಗೆ ಸವರಿದ್ದೆ. ಚೂರನ್ನು ಕೂರಿಸಿ ನೋಡಿದ್ದೇನೋ ನಿಜ, ಆದರೆ ಮೇಜಿನ ಮೇಲಿಟ್ಟು ನೋಡಿದ್ದೆ, ಕೈಯಲ್ಲಿ ಎತ್ತಿ ತಿರುಗಿಸಿರಲಿಲ್ಲ. ಹಿಡಿಯುವುದೇ ಆ ತುಟಿಯ ಕೆಲಸ. ಅದನ್ನೇ ನಾನು ತೆಗೆದಿದ್ದೆ. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಕೆಲಸ ವಾಪಸ್ ತಂದಿರಲಿಲ್ಲ. ಸಮುದ್ರ ದಾಟಿ ಬಂದು ಮಾನ ಕಳೆದುಕೊಂಡೆನಲ್ಲ ಎನಿಸಿತು.

ಮಾರ್ತಾ ಬೇಸರ ತೋರಿಸಲಿಲ್ಲ. ಅವಳು ಹೇಳಿದ್ದು ಇಷ್ಟು: "ನನ್ನ ಹುಟ್ಟುಹಬ್ಬದ ದಿನ ಜನ ಕೈ ಕೊಡೋಕೆ ಬಂದ್ರೆ ನಮ್ಮವ್ವ ಅಡುಗೆಮನೆಗೆ ಎದ್ದೋಗ್ಬುಡ್ತಾಳೆ. ಒಂದು ವರ್ಷಾನೂ ತಪ್ಸಿಲ್ಲ. ಈ ಸಾರಿ ಬತ್ತೀನಿ ಅಂದವ್ಳೆ. ಇನ್ನೊಂದು ಸಾರಿ ಕರುದ್ರೆ ಬರಾಕಿಲ್ಲ."

"ಲೇತ್ ಎಲ್ಲಿ ಸಿಕ್ತದೆ ಕೇಳವ್ವ," ಎಂದೆ ನಾನು. "ನಾಳೆ ಒಂದಿನ ಐತೆ. ಮಾಡ್ಕೊಡ್ತೀನಿ."

ಶುಕ್ರವಾರ

ಮಾರ್ತಾಳ ಪಕ್ಕದ ಮನೆಯ ಹೆಂಕ್ ನಿವೃತ್ತ ಬಡಗಿ. ನಮ್ಮೂರಿಗೆ ಬಂದರೆ ಪ್ರತಿ ಬಾಗಿಲಿಗೂ ಹಣೆ ಬಡಿಸಿಕೊಳ್ಳುವಂಥ ಆಳು. ಲೇತ್ ಅವನ ಅಳತೆಗೆ ಇತ್ತು. ನೆಲಮಟ್ಟದಲ್ಲಿ ಕೂತು ಕಡೆದು ಅಭ್ಯಾಸವಾದ ನನಗೆ ಅವನು ಸೇಬಿನ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ಹತ್ತಿಸಿ ನಿಲ್ಲಿಸಿದ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಅವನು ಉಳಿಗಳನ್ನು ಸಾಲಾಗಿಟ್ಟ, ನಾನು ಬೇಕಾದ್ದನ್ನು ಎತ್ತಿಕೊಂಡೆ. ಅವನು ಹುಬ್ಬೇರಿಸಿ ಮೆಚ್ಚಿದ. ಆಮೇಲೆ ಕಾಫಿ ತಂದು, ಡಬ್ಬ ತೆರೆದು ಒಂದೇ ಒಂದು ಬಿಸ್ಕತ್ತು ಕೊಟ್ಟು, ಮುಚ್ಚಳ ಮುಚ್ಚಿಬಿಟ್ಟ. ಇಲ್ಲಿ ಅದೇ ಪದ್ಧತಿಯಂತೆ. ನಮ್ಮ ಮನೆಗೆ ಬಂದ ಅತಿಥಿಗೆ ಹೀಗೆ ಮಾಡಿದ್ದರೆ ಮೂರು ತಲೆಮಾರು ಮಾತು ಬಿಡುತ್ತಿದ್ದರು.

ತೋಡಿರುವ ತುಂಡೊಂದನ್ನೇ ಹೊಸದಾಗಿ ಕಡೆಯಬೇಕಿತ್ತು. ಮರ ಮೆದು, ಬಿಳಿ, ನಮ್ಮ ಆಲೆ ಮರದ ದೂರದ ನೆಂಟನಂತಿತ್ತು. ತೊಂದರೆ ಕೊಟ್ಟಿದ್ದು ಮರವಲ್ಲ, ನನ್ನ ಕೈ. ಅಂಚು ಚೂಪಾಗಿ ಬಂತು ಅನ್ನುವಷ್ಟರಲ್ಲಿ ಕೈ ತಾನಾಗಿ ತಿರುಗಿ ಅದನ್ನು ಸವರಿಬಿಡುತ್ತಿತ್ತು. ಮೊದಲ ತುಂಡು ಹಾಗೆ ಹೋಯಿತು. ಎರಡನೆಯದೂ ಹಾಗೇ ಹೋಯಿತು. ಎರಡನ್ನೂ ಹೆಂಕ್‌ನ ಸೌದೆ ಒಲೆಗೆ ಹಾಕಿದೆ. ಮೂರನೆಯದಕ್ಕೆ ಕೈಗೆ ಬುದ್ಧಿ ಹೇಳುತ್ತ, ಗಟ್ಟಿಯಾಗಿ "ಬ್ಯಾಡ, ಬ್ಯಾಡ, ಸಾಕು" ಎನ್ನುತ್ತ ಕೆತ್ತಿದೆ. ಹೆಂಕ್ ತನಗೆ ಹೇಳಿದ್ದೆಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿದ. ತೋಡಿನ ಒಳಭಾಗ ಬಿಟ್ಟು ಹೊರಮೈಗೆ ಮಾತ್ರ ಊರಿಂದ ತಂದಿದ್ದ ಹಳದಿ ಅರಗಿನ ಕಡ್ಡಿ ಒತ್ತಿದೆ. ತಿರುಗುವ ಬಿಸಿಗೇ ಅರಗು ಕರಗಿ ಬಣ್ಣ ಹರಡಿದಾಗ ಅವನು ಲೇತ್ ನಿಲ್ಲಿಸಿ, ಬ್ರಷ್ ಎಲ್ಲಿ ಎಂದು ನನ್ನ ಎರಡೂ ಕೈ ನೋಡಿದ. ಮೆಚ್ಚಿಗೆಗೆ ಡಬ್ಬ ಮತ್ತೆ ತೆರೆದು ಎರಡನೆಯ ಬಿಸ್ಕತ್ತು ಕೊಟ್ಟ. ಇದು ಇಲ್ಲಿ ಪ್ರಶಸ್ತಿ ಕೊಟ್ಟ ಹಾಗೆ ಎಂದು ಆಮೇಲೆ ಪವಿತ್ರ ಹೇಳಿದಳು.

ಸಂಜೆ ಮಾರ್ತಾ ಬಂದು ಚೂರನ್ನು ಒತ್ತಿದಳು. ಟಕ್ ಎಂದಿತು. ತಲೆಕೆಳಗು ಮಾಡಿ ಕುಲುಕಿದಳು. ಬೀಳಲಿಲ್ಲ.

ನಿಯಮದ ಪ್ರಕಾರ ಚನ್ನಪಟ್ಟಣದಿಂದ ತಂದ ತಪ್ಪು ತುಂಡೂ ಒಲೆಗೆ ಹೋಗಬೇಕಿತ್ತು. ಒಲೆಯವರೆಗೂ ಕೈ ಹೋಯಿತು. ಅಷ್ಟು ದೂರದಿಂದ ಬಂದ ಆಲೆ ಮರ, ಸುಡಲು ಮನಸ್ಸಾಗದೆ ಕೋಟಿನ ಜೇಬಿಗೆ ಹಾಕಿಕೊಂಡೆ.

ಶನಿವಾರ

ಪ್ರಯೋಗಾಲಯದ ಸಣ್ಣ ಸಭಾಂಗಣದಲ್ಲಿ ಹತ್ತಿಪ್ಪತ್ತು ಜನ. ಮಾರ್ತಾ ತನ್ನ ಹುಟ್ಟುಹಬ್ಬಕ್ಕೆ ತಾನೇ ಸೇಬಿನ ಕೇಕು ಮಾಡಿ ತಂದಿದ್ದಳು. ಅವಳ ತಾಯಿ ಯೋಹಾನಾ ಎಪ್ಪತ್ತು ದಾಟಿದವರು. ನೀಲಿ ಕೋಟನ್ನು ತೆಗೆಯದೆ, ಚೀಲವನ್ನು ತೊಡೆಯ ಮೇಲಿಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತರು. ಯಾವ ಗಳಿಗೆಯಲ್ಲಾದರೂ ಎದ್ದು ಹೋಗಲು ತಯಾರಾಗಿ ಕೂತಂತಿತ್ತು.

ಪವಿತ್ರ ಎಲ್ಲರಿಗೂ ಮರದ ಪ್ರೋಟೀನು ತೋರಿಸಿ ಹೇಳಿದ ಮೇಲೆ ಅವರ ಮುಂದೆ ಮಂಡಿಯೂರಿ ಕೂತು ಇನ್ನೊಮ್ಮೆ ಹೇಳಿದಳು. ಬದಲಾದ ಅಕ್ಷರ ತಾಯಿಯ ರಕ್ತದಲ್ಲೂ ಇಲ್ಲ, ತಂದೆಯ ರಕ್ತದಲ್ಲೂ ಇಲ್ಲ. ಬರಹವನ್ನು ನಕಲು ಮಾಡುವಾಗ ಕೋಶದೊಳಗೆ ಒಮ್ಮೊಮ್ಮೆ ತಾನಾಗೇ ಹೀಗಾಗುತ್ತದೆ. ಯೋಹಾನಾ ಕೇಳಿಸಿಕೊಂಡರು. ಮರದ ಪ್ರೋಟೀನನ್ನು ಕೈಗಿಟ್ಟರೆ ಹಿಡಿದುಕೊಂಡರು, ಚೂರು ಕೂತಿದ್ದನ್ನೂ ನೋಡಿದರು. ಆಮೇಲೆ ಏನೋ ಅಂದರು. ಪವಿತ್ರಳ ಮುಖ ಸಪ್ಪಗಾಯಿತು.

"ನಿಂದು ಒಳ್ಳೆ ಮನಸು ಮಗ, ಅಂತಾವ್ರೆ. ಚೆಂದಾಗೈತೆ, ಸರಿಯಾಗೈತೆ. ನನ್ನ ಮಗಳಿಗೆ ಆಗಿದ್ದು ಇದಲ್ವಲ್ಲ, ಅಂತಾವ್ರೆ."

ಆ ಮಾತು ನನ್ನನ್ನು ಕುಟುಕಿತು. ನಾವೆಲ್ಲ ಅವರ ಕೈಗೆ ಸರಿಯಾದದ್ದನ್ನು ಕೊಟ್ಟಿದ್ದೆವು. ನನ್ನ ಕೈ ಜೇಬಿನಲ್ಲಿ ತಪ್ಪು ತುಂಡಿನ ಮೇಲೆಯೇ ಇತ್ತು. ಹೋಗಿ ಅವರ ಪಕ್ಕ ಕೂತು, ಸರಿಯಾದ ತುಂಡನ್ನು ಬಿಚ್ಚಿ, ಆ ಜಾಗಕ್ಕೆ ತಪ್ಪು ತುಂಡನ್ನು ಸೇರಿಸಿ ಕೊಟ್ಟೆ. ಅವರು ಚೂರನ್ನು ಒತ್ತಿದರು. ಅದು ಜಾರಿ ಅವರ ಮಡಿಲಿಗೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ನನ್ನ ಮುಖ ನೋಡಿದರು.

"ಹೇಳವ್ವ ಅವರಿಗೆ," ಎಂದೆ ಪವಿತ್ರಳಿಗೆ. "ಇದ್ನ ಕೆಡಿಸಿದ್ದು ನಾನು. ಬೇಕೂಂತ ಅಲ್ಲ. ಯಾವ ಮಗೂಗೂ ಚುಚ್ಚಬಾರ್ದು ಅಂತ ನಮ್ಮ ಅಬ್ಬಾ ಹೇಳ್ಕೊಟ್ಟಂಗೆ ಕೆನ್ನೆಗೆ ಸವರಿ ಸವರಿ ನುಣ್ಣಗೆ ಮಾಡ್ದೆ. ಪ್ರೀತಿಯಿಂದ್ಲೇ ಮಾಡ್ದೆ. ಆದ್ರೂ ತಪ್ಪಾಯ್ತು. ಅಕ್ಷರ ಬರಿಯೋ ಕೋಶಕ್ಕೆ ಕೈಯೂ ಇಲ್ಲ, ಕೆನ್ನೆನೂ ಇಲ್ಲ. ಅದ್ರ ತಪ್ಪನ್ನ ಇವ್ರು ಯಾಕೆ ಹೊತ್ಕೊಂಡವ್ರೆ ಕೇಳು."

ಪವಿತ್ರ ಹೇಳಿದಳು. ಯೋಹಾನಾ ಆ ತುಂಡನ್ನು ಬಿಚ್ಚಿ, ನಾನು ತೋರಿಸಿದಂತೆ ತಮ್ಮ ಕೆನ್ನೆಗೆ ಸವರಿಕೊಂಡರು. ತುಂಬ ಹೊತ್ತು ಅಲ್ಲೇ ಒತ್ತಿ ಹಿಡಿದರು. ಆಮೇಲೆ ಮಾರ್ತಾಳ ಕಡೆ ನೋಡುತ್ತ ಪವಿತ್ರಳನ್ನು ಒಂದು ಮಾತು ಕೇಳಿದರು. ಅದನ್ನು ನನಗೆ ಯಾರೂ ದಾಟಿಸಬೇಕಾಗಿರಲಿಲ್ಲ.

ನಾನು ಪವಿತ್ರಳ ಬಾಯನ್ನೇ ನೋಡುತ್ತಿದ್ದೆ. ಈಗೆಲ್ಲಿ 'ಇರಬೌದು' ಎಂದುಬಿಡುತ್ತಾಳೋ ಎಂದು ನನಗೆ ದಿಗಿಲು. ಅವಳು ಆ ಮುದುಕಿಯ ಎರಡೂ ಮಂಡಿ ಹಿಡಿದು ಚಿಕ್ಕದೊಂದು ಉತ್ತರ ಕೊಟ್ಟಳು. ಅದನ್ನೇ ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಹೇಳಿದಳು.

"ಏನಂದೆ?" ಎಂದು ಕೇಳಿದೆ.

"ನಿಮ್ಮಿಂದ ಆಗಿಲ್ಲ ಅಂದೆ ಅಕ್ಕ. ಈ ಪ್ರೋಟೀನು ಗಡ್ಡೆ ತಡೀತದೋ ಇಲ್ವೋ ಅನ್ನೋದ್ರಲ್ಲಿ ಇನ್ನೂ ಇರಬೌದು ಐತೆ. ಇದ್ರಲ್ಲಿ ಇಲ್ಲ."

ಯೋಹಾನಾ ಅಳಲಿಲ್ಲ. ಎದ್ದು ನಿಂತರು. ಮಾರ್ತಾ ಕೋಲಿಲ್ಲದೆ ಅವರ ಕಡೆ ಎರಡು ಹೆಜ್ಜೆ ಇಟ್ಟಳು. ಅಡುಗೆಮನೆಯಿಲ್ಲದ ಈ ಜಾಗದಲ್ಲಿ ಎಲ್ಲಿಗೆ ಹೋದಾರು ಎಂದು ನನಗೆ ಭಯವಾಯಿತು. ಅವರು ತುಂಡನ್ನು ಕುರ್ಚಿಯ ಮೇಲಿಟ್ಟು, ನೀಲಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ತುಂಡನ್ನು ಮತ್ತೆ ಕೈಗೆತ್ತಿಕೊಂಡರು. ನಾನು ಸೋಮವಾರ ಕಲಿತಿದ್ದ ಪದ್ಧತಿಯನ್ನು ನೆನೆದು ಎಲ್ಲರಿಗಿಂತ ಮೊದಲು ಹೋಗಿ ಕೈ ಚಾಚಿ, ಕನ್ನಡದಲ್ಲೇ, "ಮಗಳ ಹುಟ್ಟುಹಬ್ಬ, ನಿಮಗೂ ಅಭಿನಂದನೆ ಕಣಮ್ಮ," ಎಂದೆ.

ಅವರ ಬಲಗೈಯಲ್ಲಿ ನನ್ನ ಕೆಟ್ಟ ತುಂಡು ಇತ್ತು. ಅದನ್ನು ಎಡಗೈಗೆ ದಾಟಿಸಿಕೊಂಡು ನನ್ನ ಕೈ ಹಿಡಿದರು. ನನ್ನ ಹಿಂದೆ ಮಿಕ್ಕವರೆಲ್ಲ ಸಾಲು ನಿಂತಿದ್ದರು. ಒಬ್ಬೊಬ್ಬರಿಗೂ ಅವರು ಕೈ ಕೊಟ್ಟರು.